ಪ್ಲೇಟೋ ತೆರೆಯ ಮೇಲಿನ ಟಿಪ್ಪಣಿಗಳು

ಸಾಮಾಜಿಕ ಜಾಲತಾಣವೆಂದೊಡನೆ ನಿಮಗೆ 2004ರಲ್ಲಿ ಆರಂಭವಾದ ಆರ್ಕುಟ್, ಫೇಸ್‌ಬುಕ್ ನೆನಪಾಗಬಹುದು. ಅದಕ್ಕೆ 31 ವರ್ಷ ಮೊದಲೇ, ಪಾಠ ಹೇಳಲೆಂದೇ ಕಟ್ಟಿದ ಕಂಪ್ಯೂಟರ್ ವ್ಯವಸ್ಥೆಯೊಂದರಲ್ಲಿ ವಿದ್ಯಾರ್ಥಿಗಳು ಪರಸ್ಪರ ಚರ್ಚಿಸುತ್ತಿದ್ದರು.

ಅದರ ಹೆಸರು ಪ್ಲೇಟೋ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡೊನಾಲ್ಡ್ ಬಿಟ್ಜರ್ ಇದನ್ನು ಆರಂಭಿಸಿದರು. ಒಂದೇ ದೊಡ್ಡ ಕಂಪ್ಯೂಟರಿಗೆ ನೂರಾರು ಟರ್ಮಿನಲ್‌ಗಳ ಜೋಡಣೆ. ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಪ್ಲಾಸ್ಮಾ ತೆರೆಯ ಮೇಲೆ ಪಾಠ. (ಆ ತೆರೆಯೂ 1964ರಲ್ಲಿ ಅಲ್ಲಿಯೇ ಹುಟ್ಟಿದ್ದು.)

ವ್ಯವಸ್ಥೆಯಲ್ಲಿ ದೋಷ ಕಂಡವರು ಮೊದಲು ಅದನ್ನು ಒಂದು ಸಾಮಾನ್ಯ ಕಡತದಲ್ಲಿ ಬರೆಯುತ್ತಿದ್ದರು. ಅದನ್ನು ಯಾರು ಬೇಕಾದರೂ ಅಳಿಸಬಹುದಿತ್ತು. ಬರೆದವರು ಯಾರೆಂಬ ಖಾತ್ರಿಯೂ ಇರಲಿಲ್ಲ. 1973ರಲ್ಲಿ 17 ವರ್ಷದ ವಿದ್ಯಾರ್ಥಿ ಡೇವಿಡ್ ವೂಲಿ ಇದಕ್ಕೆ ಪರಿಹಾರವಾಗಿ 'ನೋಟ್ಸ್' ಎಂಬ ಪ್ರೋಗ್ರಾಂ ಬರೆದ. ಪ್ರತಿ ಟಿಪ್ಪಣಿಗೂ ದಿನಾಂಕ, ಬರೆದವರ ಗುರುತು ತಾನಾಗಿಯೇ ಅಂಟಿಕೊಳ್ಳುತ್ತಿತ್ತು. ಅದರಡಿ 63 ಉತ್ತರಗಳವರೆಗೆ ಸೇರಿಸಬಹುದಿತ್ತು. ಚರ್ಚೆಗೆ ಹೊಣೆ ತಂದದ್ದು ಈ ಗುರುತೇ ಎಂದು ನನ್ನ ಎಣಿಕೆ.

ಅದೇ ವರ್ಷದ 'ಟಾಕೋಮ್ಯಾಟಿಕ್'ನಲ್ಲಿ ಐವರು ಒಟ್ಟಿಗೆ ಹರಟಬಹುದಿತ್ತು. ಕೀಲಿ ಒತ್ತಿದಂತೆಯೇ ಒಂದೊಂದು ಅಕ್ಷರವೂ ಎಲ್ಲರ ತೆರೆಯಲ್ಲಿ ಮೂಡುತ್ತಿತ್ತು. ಕಾಗುಣಿತದ ತಪ್ಪು ಮುಚ್ಚಿಡಲು ದಾರಿಯೇ ಇಲ್ಲ!

1976ರಲ್ಲಿ ಬೇಕಾದ ವಿಷಯಕ್ಕೆ ಪ್ರತ್ಯೇಕ ಚರ್ಚಾಕಡತ ತೆರೆಯುವ ಸೌಲಭ್ಯ ಬಂದಾಗ ಸಿನಿಮಾ, ಸಂಗೀತವೂ ಒಳಬಂದವು. 1978ರಿಂದ 1985ರವರೆಗೆ ಬಳಕೆದಾರರು ಪ್ಲೇಟೋದಲ್ಲಿ ಕಳೆದ ಸುಮಾರು ಒಂದು ಕೋಟಿ ಗಂಟೆಗಳಲ್ಲಿ ಮೂರನೆಯ ಒಂದು ಭಾಗ ನೋಟ್ಸ್‌ಗೇ ಸಂದಿತು. ಶಿಕ್ಷಕರಾದ ನೀವು ಇದನ್ನು ಕಾಲಹರಣ ಎನ್ನುವಿರಾ? ಪ್ಲೇಟೋಗಾಗಿ ಪಾಠ ರಚಿಸುತ್ತಿದ್ದವರು ತಮ್ಮ ಸಂದೇಹಗಳನ್ನು ಕೇಳಿ ಉತ್ತರ ಪಡೆಯುತ್ತಿದ್ದದ್ದೂ ಅದೇ ನೋಟ್ಸ್‌ನಲ್ಲಿ.