ರಕ್ತದ ರಿಪೋರ್ಟ್ ನೋಡಿ ಕಣ್ಣಿನ ಕಥೆ ಹೇಳಬಹುದಾ?

ಇವತ್ತಿನ ಎಪಿಸೋಡ್ ಕೂಡ ಇತಿಹಾಸದ್ದೇ. ಆದ್ರೆ ರಾಜರದ್ದಲ್ಲ, ಕೋಟೆಯದ್ದೂ ಅಲ್ಲ. ಒಂದು ರಕ್ತ ಪರೀಕ್ಷೆಯ ಇತಿಹಾಸ. ಶುರು ಮಾತ್ರ ನಮ್ಮ ಸುರಪುರದಿಂದಲೇ.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದರು, 1853ರವರೆಗೆ ಇಲ್ಲೇ ಇದ್ದರು. ರಾಜಾ ವೆಂಕಟಪ್ಪ ನಾಯಕರು ಆಗ ಇನ್ನೂ ಬಾಲಕ. ಟೇಲರ್ ಬರೆದ ಆತ್ಮಕಥೆ ಅವರು ತೀರಿಕೊಂಡ ಮೇಲೆ 1877ರಲ್ಲಿ ಪ್ರಕಟವಾಯಿತು. ಬದುಕೆಲ್ಲ ಓದಿ, ಬರೆದು, ಚಿತ್ರ ಬಿಡಿಸಿ ಕಳೆದ ಈ ಮನುಷ್ಯನ ದೃಷ್ಟಿ 1875ರಲ್ಲಿ ಹೋಯಿತು. ಮರುವರ್ಷ ತೀರಿಕೊಂಡರು.

ನನ್ನ ಪ್ರಶ್ನೆ ಇದು: 1875ರಲ್ಲಿ ಒಬ್ಬ ಮನುಷ್ಯನ ದೃಷ್ಟಿ ಹೋದ್ರೆ ವೈದ್ಯರ ಕೈಯಲ್ಲಿ ಏನಿತ್ತು, ಏನಿರಲಿಲ್ಲ?

ಕಣ್ಣಿನೊಳಗೆ ನೋಡೋ ಉಪಕರಣ ಇತ್ತು. 1851ರಲ್ಲಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಆಫ್ತಾಲ್ಮೋಸ್ಕೋಪ್ ಬಗ್ಗೆ ಜಗತ್ತಿಗೆ ತಿಳಿಸಿದ್ದರು. ಬದುಕಿರುವ ಮನುಷ್ಯನ ರಕ್ತನಾಳಗಳನ್ನು ಕತ್ತರಿ ಹಾಕದೆ, ಕೊಯ್ಯದೆ ನೇರವಾಗಿ ನೋಡಬಹುದಾದ ಜಾಗ ಅಂದ್ರೆ ಕಣ್ಣಿನ ಹಿಂಭಾಗದ ಪರದೆ, ಅಂದ್ರೆ ರೆಟಿನಾ. ಕೆಲವೇ ವರ್ಷಗಳಲ್ಲಿ ವಿಯೆನ್ನಾದ ಎಡ್ವರ್ಡ್ ಯೇಗರ್ ಸಕ್ಕರೆ ಕಾಯಿಲೆಯವರ ರೆಟಿನಾದಲ್ಲಿ ಆಗುವ ಬದಲಾವಣೆಯನ್ನು ಬರೆದಿಟ್ಟರು. 1878ರಲ್ಲಿ ಯೂಲಿಯಸ್ ಫಾನ್ ಮಿಶೆಲ್, ರೆಟಿನಾದ ಮುಖ್ಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದೃಷ್ಟಿ ಹೋಗೋದನ್ನು ವಿವರಿಸಿದರು. 1880ರಲ್ಲಿ ಇಂಗ್ಲೆಂಡಿನ ಹೆನ್ರಿ ಈಲ್ಸ್, ಯುವಕರ ಕಣ್ಣಿನೊಳಗೆ ಪದೇ ಪದೇ ರಕ್ತ ಸೋರುವ ಒಂದು ಕಾಯಿಲೆಯನ್ನು ದಾಖಲಿಸಿದರು. ಈಲ್ಸ್ ಕಾಯಿಲೆ ಅನ್ನೋ ಹೆಸರು ಭಾರತದ ಕಣ್ಣಿನ ಡಾಕ್ಟರುಗಳಿಗೆ ಇವತ್ತಿಗೂ ಚೆನ್ನಾಗಿ ಪರಿಚಯ.

ಅಂದ್ರೆ ಕಣ್ಣಲ್ಲಿ ಏನಾಗಿದೆ ಅಂತ ಕಾಣಿಸ್ತಿತ್ತು. ಯಾಕೆ ಆಯ್ತು, ಮೈಯಲ್ಲಿ ಉರಿಯೂತ ಇದೆಯಾ ಅಂತ ಅಳೆಯೋ ರಕ್ತ ಪರೀಕ್ಷೆ ಆಸ್ಪತ್ರೆಗಳಲ್ಲಿ ಇರಲಿಲ್ಲ.

ಅದು ಬಂದದ್ದು ನಿಧಾನಕ್ಕೆ. 1897ರಲ್ಲಿ ಪೋಲೆಂಡಿನ ಎಡ್ಮಂಡ್ ಬಿಯೆರ್ನಾಟ್ಸ್ಕಿ ಒಂದು ಸಂಗತಿ ಗಮನಿಸಿದರು. ರಕ್ತವನ್ನು ಕೊಳವೆಯಲ್ಲಿ ನಿಲ್ಲಿಸಿದ್ರೆ ಕೆಂಪು ಕಣಗಳು ಕೆಳಗೆ ಇಳೀತಾವೆ, ಕಾಯಿಲೆ ಇದ್ದವರಲ್ಲಿ ಬೇಗ ಇಳೀತಾವೆ. ಸ್ವೀಡನ್ನಿನ ರಾಬಿನ್ ಫೋರೇಯಸ್ ಮತ್ತು ಆಲ್ಫ್ ವೆಸ್ಟರ್‌ಗ್ರೆನ್ 1921ರ ಹೊತ್ತಿಗೆ ಇದನ್ನು ಪಕ್ಕಾ ಪರೀಕ್ಷೆ ಮಾಡಿದರು. ಅದೇ ಇಎಸ್‌ಆರ್. ಉರಿಯೂತ ಇದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಅನ್ನೋ ಪ್ರೋಟೀನ್ ಹೆಚ್ಚಾಗುತ್ತೆ. ಆಗ ಕೆಂಪು ಕಣಗಳು ಬ್ಯಾಂಕಿನ ನಾಣ್ಯದ ಕಟ್ಟಿನ ಹಾಗೆ ಒಂದರ ಮೇಲೊಂದು ಅಂಟಿಕೊಂಡು, ಭಾರವಾಗಿ ಬೇಗ ತಳ ಸೇರ್ತಾವೆ. ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿದವು ಅನ್ನೋದೇ ಲೆಕ್ಕ. ವೆಸ್ಟರ್‌ಗ್ರೆನ್ ಇದನ್ನು ಪರೀಕ್ಷಿಸಿದ್ದು ಕ್ಷಯರೋಗಿಗಳ ಮೇಲೆ. ನಮ್ಮ ಕಡೆ ಇಎಸ್‌ಆರ್ ಜಾಸ್ತಿ ಬಂದ ಕೂಡಲೇ ಜನ 'ಟಿ.ಬಿ. ಇರಬಹುದಾ' ಅಂತ ಹೆದರೋದು ಸುಮ್ನೆ ಅಲ್ಲ ನೋಡ್ರಿ.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇನ್ನೊಂದು ಪ್ರೋಟೀನ್ ಕಂಡುಹಿಡಿದರು. ಅದೇ ಮುಂದೆ ಸಿಆರ್‌ಪಿ ಆಯ್ತು. ಕೋವಿಡ್ ಕಾಲದಲ್ಲಿ ಮನೆಮನೆಗೂ ಗೊತ್ತಾದ ಅದೇ ಸಿಆರ್‌ಪಿ. ಕೊನೆಗೆ 2001ರಲ್ಲಿ ಸ್ಲೊವಾಕಿಯಾದ ಜಹೋರೆಟ್ಸ್ ಅನ್ನೋ ವೈದ್ಯರು, ಐಸಿಯು ರೋಗಿಗಳಿಗೆ ಒಂದು ಸರಳ ಲೆಕ್ಕ ಸೂಚಿಸಿದರು. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಷ್ಟು, ಲಿಂಫೋಸೈಟ್ ಎಷ್ಟು, ಒಂದನ್ನು ಇನ್ನೊಂದರಿಂದ ಭಾಗಿಸಿ. 60ಕ್ಕೆ 30 ಇದ್ದರೆ 2. ಇದೇ ಎನ್‌ಎಲ್‌ಆರ್. ಹೊಸ ಯಂತ್ರ ಬೇಡ, ಹೊಸ ಕೆಮಿಕಲ್ ಬೇಡ. ಶಹಾಪುರದ ಯಾವುದೇ ಸಣ್ಣ ಲ್ಯಾಬಿನ ಸಿಬಿಸಿ ರಿಪೋರ್ಟ್ ಸಾಕು.

ಹೀಗಾಗಿ ಕಣ್ಣಿನ ಸಂಶೋಧಕರೂ ಇದರ ಹಿಂದೆ ಬಿದ್ದರು. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರಲ್ಲಿ, ರೆಟಿನಾದ ರಕ್ತನಾಳ ಕಟ್ಟಿಕೊಂಡವರಲ್ಲಿ ಈ ಸಂಖ್ಯೆ ಸರಾಸರಿ ಹೆಚ್ಚಿರುತ್ತೆ ಅಂತ ಹಲವು ಅಧ್ಯಯನಗಳು ಬಂದವು. ಇತ್ತೀಚೆಗೆ ಕೆಲವು ಲ್ಯಾಬ್ ರಿಪೋರ್ಟಿನಲ್ಲಿ ಎನ್‌ಎಲ್‌ಆರ್ ಅಂತ ಒಂದು ಸಾಲೇ ಇರುತ್ತೆ.

ನಮ್ಮ ಕಾಕಾ ಅಂಥದ್ದೇ ಒಂದು ರಿಪೋರ್ಟ್ ತಂದು ನನ್ನ ಮುಂದೆ ಇಟ್ಟರು. ಹನ್ನೆರಡು ವರ್ಷದಿಂದ ಶುಗರ್ ಅದೆ ಅವರಿಗೆ. ಫೈಲ್ ದಪ್ಪ ಅದೆ, ಅದರಲ್ಲಿ ಕಣ್ಣಿನ ಚೀಟಿ ಒಂದೂ ಇಲ್ಲ. "ತಮ್ಮಾ, ರಕ್ತದಾಗ ಉರಿಯೂತ ಇಲ್ಲ ಅಂತ ಬಂದದ. ಅಂದ್ರ ಕಣ್ಣೂ ಬರೋಬರಿ ಅದ ಅಂತಲ್ಲೇನು?" ಅಂತ ಕೇಳಿದರು. ಈ ಎಪಿಸೋಡ್ ಹುಟ್ಟಿದ್ದೇ ಈ ಪ್ರಶ್ನೆಯಿಂದ.

ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವನು. ಆದ್ರೆ ರೇಶಿಯೋ ಅನಾಲಿಸಿಸ್ ನಮಗೆ ಚೆನ್ನಾಗಿ ಕಲಿಸಿರ್ತಾರೆ. ಒಂದು ಅಂಗಡಿಯ ಕರೆಂಟ್ ರೇಶಿಯೋ ಸರಿ ಇದೆ ಅಂದ ಮಾತ್ರಕ್ಕೆ ಗೋಡೌನಿನಲ್ಲಿ ಕಳ್ಳತನ ಆಗಿಲ್ಲ ಅಂತಲ್ಲ. ಗೋಡೌನಿನ ಬಾಗಿಲು ತೆಗೆದು ಸ್ಟಾಕ್ ಎಣಿಸಲೇಬೇಕು. ಎನ್‌ಎಲ್‌ಆರ್ ಕೂಡ ಹಾಗೇ. ನೆಗಡಿ ಜ್ವರ ಬಂದ್ರೂ ಅದು ಏರುತ್ತೆ, ಸ್ಟೆರಾಯ್ಡ್ ಮಾತ್ರೆ ನುಂಗಿದ್ರೂ ಏರುತ್ತೆ. ರೆಟಿನಾದಲ್ಲಿ ರಕ್ತ ಸೋರ್ತಾ ಇದ್ರೂ ಮಾಮೂಲಾಗಿಯೇ ಇರಬಹುದು. ಸಾವಿರ ಜನರ ಸರಾಸರಿ ಒಬ್ಬ ಮನುಷ್ಯನ ಕಣ್ಣಿಗೆ ಉತ್ತರ ಆಗೋದಿಲ್ಲ.

ಸುಳಿವನ್ನೇ ಉತ್ತರ ಅಂದುಕೊಳ್ಳೋ ಅಪಾಯಕ್ಕೆ ಇತಿಹಾಸದಲ್ಲೇ ಒಂದು ಪಾಠ ಇದೆ. 1964ರಲ್ಲಿ ಇಬ್ಬರು ವೈದ್ಯರು, ಪೊವೆಲ್ ಮತ್ತು ಫೀಲ್ಡ್, ಒಂದು ವಿಷಯ ಬರೆದರು: ಕೀಲುವಾತಕ್ಕೆ ಆಸ್ಪಿರಿನ್ ಜಾತಿಯ ಔಷಧಿ ತಗೊಳ್ಳೋ ಸಕ್ಕರೆ ರೋಗಿಗಳಲ್ಲಿ ರೆಟಿನಾ ಕೆಡೋದು ಕಡಿಮೆ. ಉರಿಯೂತ ಇಳಿಸಿದ್ರೆ ಕಣ್ಣು ಉಳಿಯುತ್ತೆ ಅನ್ನೋ ಆಸೆ ಹುಟ್ಟಿತು. ಅಮೆರಿಕದ ಇಟಿಡಿಆರ್‌ಎಸ್ ಅನ್ನೋ ದೊಡ್ಡ ಅಧ್ಯಯನ 3,711 ಜನರಲ್ಲಿ ಇದನ್ನು ಪರೀಕ್ಷಿಸಿತು. ಅರ್ಧ ಜನಕ್ಕೆ ದಿನಕ್ಕೆ 650 ಮಿಲಿಗ್ರಾಂ ಆಸ್ಪಿರಿನ್. 1991ರಲ್ಲಿ ಫಲಿತಾಂಶ ಬಂತು: ರೆಟಿನಾ ಕೆಡೋದು ಇದರಿಂದ ನಿಲ್ಲಲಿಲ್ಲ. ಅದೇ ಅಧ್ಯಯನದಲ್ಲಿ ಕೆಲಸ ಮಾಡಿದ್ದು ಯಾವುದು? ಸರಿಯಾದ ಹೊತ್ತಿಗೆ ಕಣ್ಣು ನೋಡಿ ಮಾಡಿದ ಲೇಸರ್ ಚಿಕಿತ್ಸೆ.

ಹಾಗಂತ ಉರಿಯೂತದ ಮಾತೇ ಸುಳ್ಳು ಅಂತಲ್ಲ. ಸಕ್ಕರೆ ಕಾಯಿಲೆಯಲ್ಲಿ ಬಿಳಿ ರಕ್ತಕಣಗಳು ರೆಟಿನಾದ ಸಣ್ಣ ನಾಳಗಳ ಗೋಡೆಗೆ ಅಂಟಿಕೊಂಡು ದಾರಿ ಕಟ್ಟುತ್ತವೆ ಅನ್ನೋದನ್ನು ಪ್ರಯೋಗಗಳು ತೋರಿಸಿವೆ. ರೆಟಿನಾದ ಬಾವಿಗೆ ಕಣ್ಣಿನೊಳಗೇ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ ಹಲವರಿಗೆ ಗುಣ ಕಾಣುತ್ತೆ. ಈಲ್ಸ್ ಕಾಯಿಲೆಯ ಕೆಲವು ರೋಗಿಗಳ ಕಣ್ಣಿನ ದ್ರವದಲ್ಲಿ ಕ್ಷಯದ ರೋಗಾಣುವಿನ ಡಿಎನ್‌ಎ ಇರೋದನ್ನು ಚೆನ್ನೈನ ಶಂಕರ ನೇತ್ರಾಲಯದ ಸಂಶೋಧಕರು 1999ರಲ್ಲಿ ಪ್ರಕಟಿಸಿದರು. ಅಂಥ ಕಡೆ ಟಿ.ಬಿ. ಹುಡುಕೋ ಪರೀಕ್ಷೆಗಳು ಬೇಕೇ ಬೇಕು. ಇನ್ನೊಂದು ಅಪರೂಪದ ಕಾಯಿಲೆ ಇದೆ. ಐವತ್ತು ದಾಟಿದವರಿಗೆ ಕಪಾಲದ ಪಕ್ಕ ಹೊಸದಾಗಿ ತಲೆನೋವು, ಊಟ ಅಗಿಯುವಾಗ ದವಡೆ ನೋವು, ಜೊತೆಗೆ ದೃಷ್ಟಿ ಮಬ್ಬು. ಅಲ್ಲಿ ಇಎಸ್‌ಆರ್, ಸಿಆರ್‌ಪಿ ಅದೇ ದಿನ ಬೇಕು, ಯಾಕಂದ್ರೆ ಚಿಕಿತ್ಸೆ ತಡವಾದ್ರೆ ಇನ್ನೊಂದು ಕಣ್ಣೂ ಹೋಗಬಹುದು. ಇಲ್ಲೆಲ್ಲ ಒಂದು ಸಾಮಾನ್ಯ ಸಂಗತಿ ಗಮನಿಸಿ: ಮೊದಲು ರೋಗಿಯನ್ನು, ಕಣ್ಣನ್ನು ನೋಡಿದ ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಡ್ತಾರೆ. ರಕ್ತ ನೋಡಿ ಕಣ್ಣನ್ನು ಬಿಟ್ಟುಬಿಡೋದಿಲ್ಲ.

ನಮ್ಮ ಭಾಗದಲ್ಲಿ ಕಣ್ಣು ಅಂದ್ರೆ ಪೊರೆ ಅನ್ನೋ ನೆನಪು ಗಟ್ಟಿ. ಡಾ. ಎಂ.ಸಿ. ಮೋದಿ ಅವರು ಊರೂರಿಗೆ ಹೋಗಿ ಕ್ಯಾಂಪ್ ಮಾಡಿ ಲಕ್ಷಾಂತರ ಜನರಿಗೆ ಬೆಳಕು ಕೊಟ್ಟರು. ಪೊರೆ ಬಂದ್ರೆ ಮಂಜಾಗುತ್ತೆ, ಪಾಪೆ ಬೆಳ್ಳಗಾಗುತ್ತೆ, ಆಪರೇಶನ್ ಮಾಡಿದ್ರೆ ಮತ್ತೆ ಕಾಣುತ್ತೆ. ರೆಟಿನಾದ ಕಾಯಿಲೆ ಹಾಗಲ್ಲ. ಹೊರಗಿನಿಂದ ಕಣ್ಣು ಚೊಕ್ಕ ಕಾಣುತ್ತೆ, ಶುರುವಿನಲ್ಲಿ ನೋವಿಲ್ಲ, ಮಬ್ಬಿಲ್ಲ. ಗೊತ್ತಾಗೋ ಹೊತ್ತಿಗೆ ಹೋದ ದೃಷ್ಟಿ ಪೂರ್ತಿ ವಾಪಸ್ ಬರೋದು ಕಷ್ಟ.

ರಿಪೋರ್ಟಿನ ಸಂಖ್ಯೆಯನ್ನೇ ನಂಬೋದಾದ್ರೆ ಎರಡನ್ನು ಹಿಡಿದುಕೊಳ್ರಿ. ಶುಗರ್ ಹಿಡಿತದಲ್ಲಿಟ್ಟರೆ ರೆಟಿನಾ ಉಳಿಯುತ್ತೆ ಅಂತ 1993ರಲ್ಲಿ ಡಿಸಿಸಿಟಿ ಅಧ್ಯಯನ ಸಾಬೀತು ಮಾಡಿತು. ಬಿ.ಪಿ. ಹಿಡಿತದಲ್ಲಿಟ್ಟರೂ ಅಷ್ಟೇ ಅಂತ 1998ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ತೋರಿಸಿತು. ಹಾಗಾಗಿ ಎಚ್‌ಬಿಎ1ಸಿ ಮತ್ತು ಬಿ.ಪಿ. ಬಿಡಬೇಡಿ. ಅದರ ಜೊತೆ, ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆ ಗೊತ್ತಾದ ವರ್ಷವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಬೇಕು. ಡ್ರಾಪ್ಸ್ ಹಾಕಿದ ಮೇಲೆ ಕೆಲವು ತಾಸು ಹತ್ತಿರದ್ದು ಸರಿ ಕಾಣೋದಿಲ್ಲ, ಬಿಸಿಲು ಚುಚ್ಚುತ್ತೆ. ಬೈಕ್ ಓಡಿಸಬೇಡಿ, ಜೊತೆಗೆ ಒಬ್ಬರನ್ನು ಕರ್ಕೊಂಡು ಹೋಗಿ.

ಹತ್ತಿ ಬಿಡಿಸೋ ಹಂಗಾಮಿನಲ್ಲಿ ಒಂದು ದಿನದ ಕೂಲಿ ಬಿಟ್ಟು, ಕಾಣೋ ಕಣ್ಣನ್ನು ತೋರಿಸಲು ಯಾದಗಿರಿಗೋ ಕಲಬುರಗಿಗೋ ಹೋಗು ಅಂದ್ರೆ ಯಾರಿಗಾದರೂ ಭಾರವೇ. ಅದಕ್ಕೇ ಹತ್ತಿರದ ಲ್ಯಾಬಿನ ಒಂದು ಸಂಖ್ಯೆ ಸಾಕು ಅನ್ನಿಸೋದು. ಆದ್ರೆ 1875ರಲ್ಲಿ ಟೇಲರ್ ಕಾಲದವರ ಹತ್ರ ಇಲ್ಲದ ಎರಡೂ ಈಗ ನಮ್ಮ ಹತ್ರ ಇವೆ: ರಕ್ತ ಓದೋ ಪರೀಕ್ಷೆಯೂ ಇದೆ, ಕಂಡ ಕಾಯಿಲೆಗೆ ಲೇಸರ್, ಇಂಜೆಕ್ಷನ್ ಚಿಕಿತ್ಸೆಯೂ ಇದೆ. ನಡುವೆ ಬಿಟ್ಟುಹೋಗಿರೋದು 1851ರಿಂದಲೂ ಇರೋ ಆ ಹಳೇ ಕೆಲಸ, ಒಳಗೆ ಬೆಳಕು ಬಿಟ್ಟು ನೋಡೋದು.

ಕಾಕಾಗೆ ಮುಂದಿನ ವಾರ ಕಣ್ಣಿನ ಡಾಕ್ಟರ ಹತ್ರ ಚೀಟಿ ಮಾಡಿಸೋದು ಅಂತ ತೀರ್ಮಾನ ಆಗಿದೆ. ನಿಮ್ಮ ಮನೆಯಲ್ಲಿ ಶುಗರ್ ಇರೋರ ಫೈಲ್ ಒಮ್ಮೆ ತೆಗೆದು ನೋಡ್ರಿ, ಕಣ್ಣಿನ ಚೀಟಿ ಇದೆಯಾ ಅಂತ.