ವಾರ್ಡಿನ ಹಿಂದಿನ ಇತಿಹಾಸ, ಭಾಗ 6: ಸಲೈನ್ ಸಾಲದೇ ಹೋದಾಗ

ಓಆರ್‌ಎಸ್ ಪ್ಯಾಕೆಟ್ ನೋಡದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಮೆಡಿಕಲ್ ಶಾಪಲ್ಲಿ ಸಿಗುತ್ತೆ, ಆಶಾ ಅಕ್ಕ ಮನೆಗೇ ತಂದ್ಕೊಡ್ತಾರೆ. ಆದರೆ ಅದರ ಹಿಂದೆ ಒಂದು ಯುದ್ಧಕಾಲದ ಕಥೆ ಇದೆ, ಗೊತ್ತಾ?

1971. ಇಂದಿನ ಬಾಂಗ್ಲಾದೇಶದಿಂದ ಲಕ್ಷಾಂತರ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಗಡಿ ಪಕ್ಕದ ಬನಗಾಂವ್ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೇ ಮಲಗಿದ್ದರು. ಆಗ ಕಾಲರಾಕ್ಕೆ ಚಿಕಿತ್ಸೆ ಅಂದ್ರೆ ಸಲೈನ್ ಏರಿಸೋದು. ಸಲೈನೂ ಸಾಲದು, ಏರಿಸೋ ಕೈಗಳೂ ಸಾಲದು.

ಮಕ್ಕಳ ವೈದ್ಯ ದಿಲೀಪ್ ಮಹಾಲನಬಿಸ್ ಅಲ್ಲಿ ಒಂದು ಧೈರ್ಯದ ನಿರ್ಧಾರ ಮಾಡಿದರು. ಕಾಲರಾದಲ್ಲೂ ಕರುಳು ಗ್ಲೂಕೋಸನ್ನು ಹೀರುತ್ತೆ. ಗ್ಲೂಕೋಸ್ ಒಳಗೆ ಹೋಗುವಾಗ ಉಪ್ಪನ್ನೂ ಕರ್ಕೊಂಡು ಹೋಗುತ್ತೆ, ಉಪ್ಪಿನ ಹಿಂದೆ ನೀರು. ಇದು 1960ರ ದಶಕದಲ್ಲೇ ಢಾಕಾ, ಕಲ್ಕತ್ತಾದ ಸಂಶೋಧನೆಗಳಿಂದ ತಿಳಿದಿತ್ತು. ಹಾಗಾಗಿ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಡ್ರಮ್ಮುಗಳಲ್ಲಿ ಕಲಸಿಟ್ಟರು. ಕುಡಿಸಿದ್ದು ಯಾರು? ಅಮ್ಮ, ಅಣ್ಣ, ಅಜ್ಜಿ, ರೋಗಿಯ ಜೊತೆಗಿದ್ದವರು!

ಸುಮಾರು ಶೇ 30ರಷ್ಟಿದ್ದ ಸಾವು ಅವರ ಕೇಂದ್ರದಲ್ಲಿ ಶೇ 3.6ಕ್ಕೆ ಇಳಿಯಿತು. ಎಷ್ಟೋ ವೈದ್ಯರು ಮೊದಲು ನಂಬಲೇ ಇಲ್ಲ. 2023ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1980ರಿಂದ ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ, ಉಪ್ಪು ಬೆಲ್ಲದ ನೀರು ಮಾಡೋದನ್ನ ತಾಯಂದಿರಿಗೆ ಕಲಿಸಿದರು. ಅವರ ಸಂಬಳ ನಿಂತಿದ್ದು ಎಷ್ಟು ಮನೆಗೆ ಹೋದ್ರು ಅನ್ನೋದರ ಮೇಲಲ್ಲ. ತಾಯಿಗೆ ಎಷ್ಟು ನೆನಪುಳಿದಿದೆ ಅನ್ನೋದರ ಮೇಲೆ.

ನಮಗೆ ಪಾಠ ಇರೋದು ಇಲ್ಲೇ. ಭೇದಿ ಆದ ಮಗು ಬಂದ್ರೆ ನಾವು ನೋಡೋದೇನು? ಕಣ್ಣು ಗುಳಿ ಬಿದ್ದಿದೆಯಾ, ಬಾಯಾರಿಕೆಯಿಂದ ಆತುರವಾಗಿ ಕುಡೀತಿದೆಯಾ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಹಿಂದಕ್ಕೆ ಹೋಗುತ್ತಾ. ಮಂಪರಲ್ಲಿದ್ದು ಕುಡಿಯೋಕೇ ಆಗದ ಮಗುವಿಗೆ ಇವತ್ತಿಗೂ ಸಲೈನೇ ಬೇಕು, ತಡ ಮಾಡೋ ಹಾಗಿಲ್ಲ. ಆದರೆ ಈ ಲಕ್ಷಣ ಮೊದಲು ಕಾಣೋದು ಮನೇಲಿ, ತಾಯಿಗೆ.

ಅದಕ್ಕೇ ಪೋಸ್ಟಿಂಗಲ್ಲಿ ಪ್ಯಾಕೆಟ್ ಕೈಗಿಟ್ಟು "ಗೊತ್ತಾಯ್ತಾ?" ಅಂತ ಕೇಳಿ ಸುಮ್ಮನಾಗಬೇಡಿ. "ಮನೇಲಿ ಹೇಗೆ ಕಲಸ್ತೀರಾ, ಒಂದ್ಸಲ ಹೇಳಿ ಅಮ್ಮಾ" ಅನ್ನಿ. ಅವರು ಸರಿಯಾಗಿ ಹೇಳಿದ ಮೇಲೇ ಕಳಿಸಿ.

ಭಾಗ 7ರಲ್ಲಿ ಥರ್ಮಾಮೀಟರ್ ಕಥೆ. ಸೇವ್ ಮಾಡ್ಕೊಳ್ಳಿ, ಬ್ಯಾಚ್‌ಮೇಟ್‌ಗೆ ಕಳಿಸಿ.