ಕೊಚ್ಚಿ–ತಿರುವನಂತಪುರಗಳಲ್ಲಿ ಮಾನವಶಾಸ್ತ್ರದ ವ್ಯಾಸಂಗ

ಮೈಸೂರು ಸೀಮೆಯ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತು ಮೈಸೂರು ವಿಶ್ವವಿದ್ಯಾನಿಲಯವು 1928 ರಿಂದ 1936 ರವರೆಗೆ ಸಂಪುಟ ಸಂಪುಟವಾಗಿ ಹೊರತಂದ ಇಂಗ್ಲಿಷ್ ಗ್ರಂಥವನ್ನು ತೆರೆದವರಿಗೆ ಮುಖಪತ್ರದಲ್ಲಿ ಇಬ್ಬರು ಕರ್ತೃಗಳ ಹೆಸರು ಕಾಣಿಸುತ್ತದೆ. ಮೊದಲನೆಯವರಾದ ಎಚ್. ವಿ. ನಂಜುಂಡಯ್ಯನವರು ಆ ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಗಳಾಗಿಯೂ ಕನ್ನಡ ಸಾಹಿತ್ಯ ಪರಿಷತ್ತಿನ ಪ್ರಥಮ ಅಧ್ಯಕ್ಷರಾಗಿಯೂ ನಮಗೆ ಚಿರಪರಿಚಿತರು. 1920ರಲ್ಲಿ ಅವರು ಕಾಲವಾದ ಮೇಲೆ, ಅವರು ಕಲೆಹಾಕಿದ್ದ ಸಾಮಗ್ರಿಯನ್ನು ಪರಿಷ್ಕರಿಸಿ ಗ್ರಂಥವನ್ನು ಕಡೆಮುಟ್ಟಿಸಿದವರು ಪಾಲಕ್ಕಾಡಿನ ಕಡೆಯವರಾದ ಎಲ್. ಕೆ. ಅನಂತಕೃಷ್ಣ ಅಯ್ಯರ್. ನಮ್ಮ ನಾಡಿನ ಜನಜೀವನವನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸಿದ ಈ ವಿದ್ವಾಂಸರಿಗೆ ಮಾನವಶಾಸ್ತ್ರದ ಪಾಠಶಾಲೆಯಾಗಿ ಒದಗಿದ್ದು ಕೊಚ್ಚಿ ಸಂಸ್ಥಾನ.

1902ರಲ್ಲಿ ಕೊಚ್ಚಿಯ ದಿವಾನರು ಸಂಸ್ಥಾನದ ಕುಲಶಾಸ್ತ್ರೀಯ ಸಮೀಕ್ಷೆಯನ್ನು ವಹಿಸಿದಾಗ ಅಯ್ಯರ್ ಅವರು ಎರ್ನಾಕುಳಂನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ವಾರದ ದಿನಗಳಲ್ಲಿ ತರಗತಿ, ವಾರಾಂತ್ಯದಲ್ಲಿ ವೇತನವಿಲ್ಲದ ಕುಲಶಾಸ್ತ್ರ ಸೂಪರಿಂಟೆಂಡೆಂಟ್ ಪದವಿ, ಹೀಗೆ ಅವರ ಸಾಧನೆ ನಡೆಯಿತು. ಈ ವಿದ್ಯೆಯಲ್ಲಿ ಯಾವ ಪದವಿಯೂ ಇಲ್ಲದಿದ್ದ ಆ ಅಧ್ಯಾಪಕರು, ಕಾಡಿನ ಕಾಡರಿಂದ ಮೊದಲುಮಾಡಿ ಕರಾವಳಿಯ ಕ್ರೈಸ್ತರವರೆಗೆ ಒಂದೊಂದು ಸಮುದಾಯದ ವಿವಾಹ, ದಾಯಭಾಗ, ಜನನ-ಮರಣಗಳ ವಿಧಿ, ಕಸುಬು, ದೇವತಾರಾಧನೆಗಳನ್ನು ವಿಚಾರಿಸಿ ಬರೆದ ಎರಡು ಸಂಪುಟಗಳು 1909 ಮತ್ತು 1912ರಲ್ಲಿ ಪ್ರಕಟವಾದುವು. ಸಿರಿಯನ್ ಕ್ರೈಸ್ತರನ್ನು ಕುರಿತ ಅವರ ಸ್ವತಂತ್ರ ಗ್ರಂಥವು 1926ರಲ್ಲಿ ಹೊರಬಂದಿತು. ಕಲ್ಕತ್ತಾ ವಿಶ್ವವಿದ್ಯಾನಿಲಯವು ದೇಶದ ಪ್ರಥಮ ಸ್ನಾತಕೋತ್ತರ ಮಾನವಶಾಸ್ತ್ರ ವಿಭಾಗವನ್ನು ಕಟ್ಟಲು ಅವರನ್ನು ಕರೆಸಿಕೊಂಡಿತೆಂಬುದನ್ನು ನೆನೆದರೆ, ಭಾರತೀಯ ಮಾನವಶಾಸ್ತ್ರದ ಒಂದು ಬೇರು ಎರ್ನಾಕುಳಂನಲ್ಲಿದೆಯೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಆದರೆ ಆ ಕಾಲದ ಸಮೀಕ್ಷೆಗಳ ಉದ್ದೇಶವೇನೆಂಬುದನ್ನು ವಿದ್ಯಾರ್ಥಿಯು ಮರೆಯಲಾಗದು. ಪ್ರಶ್ನೆ ಕೇಳುತ್ತಿದ್ದುದು ಸರ್ಕಾರ; ಉತ್ತರ ಸಲ್ಲುತ್ತಿದ್ದುದೂ ಸರ್ಕಾರಕ್ಕೆ. 1909ರಲ್ಲಿಯೇ ಏಳು ಸಂಪುಟಗಳಾಗಿ ಹೊರಬಂದ, ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳನ್ನು ಕುರಿತ ಕೃತಿಗಾಗಿ ಎಡ್ಗರ್ ಥರ್ಸ್ಟನ್ ಜನರ ತಲೆ-ಮೂಗುಗಳನ್ನು ಅಳೆದು ಕೋಷ್ಟಕಗಳಲ್ಲಿ ತುಂಬಿದನು. ಅಳೆಯಿಸಿಕೊಂಡವರಿಗೆ ಅದರಿಂದ ಏನಾಯಿತೆಂದು ಕೇಳುವವರಿರಲಿಲ್ಲ. ಅಯ್ಯರ್ ಅವರ ಬರವಣಿಗೆಯಲ್ಲಿ ಮನುಷ್ಯಸಹಜವಾದ ಸೌಜನ್ಯ ಹೆಚ್ಚು. ಆದರೂ ಆ ಗ್ರಂಥಗಳ ಹಂಚಿಕೆ ಆಡಳಿತದ ಹಂಚಿಕೆಯೇ.

ತಿರುವಾಂಕೂರಿನಲ್ಲಿ ಇದೇ ಕಾರ್ಯವನ್ನು ಮುಂದುವರಿಸಿದವರು ಅವರ ಪುತ್ರರಾದ ಎಲ್. ಎ. ಕೃಷ್ಣ ಅಯ್ಯರ್. ಅರಣ್ಯ ಇಲಾಖೆಯ ಅಧಿಕಾರಿಯಾಗಿದ್ದ ಅವರ ಮೂರು ಸಂಪುಟಗಳು 1937 ರಿಂದ 1941 ರವರೆಗೆ ತಿರುವನಂತಪುರದಲ್ಲಿ ಅಚ್ಚಾದುವು. ಆ ವರ್ಷಗಳಲ್ಲಿಯೂ ಆಮೇಲೆಯೂ ಹೊರಗಿನ ವಿದ್ವಾಂಸರ ದೃಷ್ಟಿ ಈ ಕಡೆಗೆ ಹರಿಯಿತು: ಡೇವಿಡ್ ಮ್ಯಾಂಡೆಲ್‌ಬಾಮ್ ಕೊಚ್ಚಿಯ ಯಹೂದ್ಯರನ್ನು ಕುರಿತು ಬರೆದನು, ಎಹ್ರೆನ್‌ಫೆಲ್ಸ್ ಕೊಚ್ಚಿಯ ಕಾಡರನ್ನು ಕುರಿತ ಗ್ರಂಥವನ್ನು 1952ರಲ್ಲಿ ಪ್ರಕಟಿಸಿದನು, ಕ್ಯಾಥ್ಲೀನ್ ಗಫ್ ನಾಯರ್ ಕುಟುಂಬಗಳ ಮಾತೃವಂಶ ಪದ್ಧತಿಯನ್ನು ಅಭ್ಯಸಿಸಿದಳು.

ಕೃಷ್ಣ ಅಯ್ಯರ್ ಅವರು ವರ್ಣಿಸಿದ ಸಮುದಾಯಗಳಲ್ಲೊಂದಾದ ಕಾಣಿ ಜನರು ತಿರುವನಂತಪುರದ ಪೂರ್ವಕ್ಕೆ ಅಗಸ್ತ್ಯಮಲೆಯ ತಪ್ಪಲಿನಲ್ಲಿ ವಾಸಿಸುತ್ತಾರೆ. 1987ರಲ್ಲಿ, ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನದೊಡನೆ ಮುಂದೆ ಹೆಸರು ಬೆಸೆದುಕೊಂಡ ಡಾ. ಪುಷ್ಪಾಂಗದನ್ ಅವರ ತಂಡವು ಕಾಣಿ ಮಾರ್ಗದರ್ಶಕರೊಡನೆ ಈ ಬೆಟ್ಟಗಳನ್ನು ಹತ್ತುತ್ತಿದ್ದಾಗ, ವಿಜ್ಞಾನಿಗಳು ಬಳಲಿ ಕೂತರೂ ಮಾರ್ಗದರ್ಶಕರು ಆಗಾಗ ಒಂದು ಪುಟ್ಟ ಹಣ್ಣನ್ನು ಬಾಯಿಗೆ ಹಾಕಿಕೊಂಡು ಆಯಾಸವಿಲ್ಲದೆ ನಡೆಯುತ್ತಿದ್ದರು. ಅದೇನೆಂದು ಕೇಳಿದರೆ ಮೊದಲು ಹೇಳಲಿಲ್ಲ, ಅದು ಕುಲದ ಗುಟ್ಟು. ಬಹಳ ಒತ್ತಾಯದ ಮೇಲೆ ಆರೋಗ್ಯಪಚ್ಚ ಎಂಬ ಗಿಡವನ್ನು ತೋರಿಸಿದರು. ಅದರಿಂದ ತಯಾರಾದ 'ಜೀವನಿ' ಔಷಧದ ಪರವಾನಗಿಯನ್ನು 1995ರಲ್ಲಿ ಕೊಯಮತ್ತೂರಿನ ಆರ್ಯವೈದ್ಯ ಫಾರ್ಮಸಿಗೆ 10 ಲಕ್ಷ ರೂಪಾಯಿಗೆ ಕೊಟ್ಟು, ಆ ಹಣದಲ್ಲಿಯೂ ಮುಂದಿನ ರಾಯಧನದಲ್ಲಿಯೂ ಅರ್ಧಭಾಗ ಕಾಣಿಗಳದೆಂದು ನಿರ್ಣಯಿಸಲಾಯಿತು. 1997ರಲ್ಲಿ ಅವರದೇ ಆದ ಕ್ಷೇಮನಿಧಿಯೊಂದು ನೋಂದಣಿಯಾಯಿತು. ಲೋಕದ ನಾನಾ ಕಡೆಯವರು ಇದನ್ನು ಮಾದರಿಯೆಂದು ಕೊಂಡಾಡಿದರು. ಆದರೆ ಕಾಣಿಗಳಲ್ಲಿಯೇ ಕೆಲವರಿಗೆ ಇದು ಸಮ್ಮತವಾಗಲಿಲ್ಲ: ಔಷಧಜ್ಞಾನದ ಧಾರಕರಾದ ಪ್ಲಾತ್ತಿಗಳನ್ನು ಕೇಳದೆ, ಗುಟ್ಟನ್ನು ಹೊರಗೆಡಹಲು ಕೆಲವರಿಗೆ ಅಧಿಕಾರವೆಲ್ಲಿಯದೆಂಬುದು ಅವರ ಪ್ರಶ್ನೆ. ಕೃಷ್ಣ ಅಯ್ಯರ್ ಅವರ ಸಂಪುಟದಲ್ಲಿ ಕೇವಲ ವರ್ಣನೆಗೆ ವಿಷಯವಾಗಿದ್ದ ಜನರು ಇಲ್ಲಿ ಒಪ್ಪಿಗೆ ಕೊಡುವ, ಕೊಡದಿರುವ ಪಕ್ಷವಾಗಿ ನಿಂತರು. ಈ ಶತಮಾನದ ಮಾನವಶಾಸ್ತ್ರ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮವಾದ ಪಾಠವನ್ನು ನಾನು ಕಾಣೆ.

ಇದರ ಜೊತೆಗೆ ಕೆಲಸ ಕಲಿಯುವ ಬೇರೆ ಎಡೆಗಳೂ ಹುಟ್ಟಿಕೊಂಡಿವೆ. ತಿರುವನಂತಪುರದ ಕೇರಳ ಇತಿಹಾಸ ಸಂಶೋಧನ ಪರಿಷತ್ತು 2007 ರಿಂದ ಕೊಚ್ಚಿಯ ಉತ್ತರಕ್ಕಿರುವ ಪಟ್ಟಣಂ ಗ್ರಾಮದಲ್ಲಿ ನಡೆಸಿದ ಉತ್ಖನನದಲ್ಲಿ ರೋಮನ್ ಮದ್ಯದ ಕೊಡಗಳ ಚೂರು, ಮಣಿಗಳು, ಮರದ ದೋಣಿಯ ಅವಶೇಷ ದೊರೆತುವು. ತೆಂಗಿನ ತೋಟಗಳ ನಡುವೆ, ಊರವರ ಹಿತ್ತಲುಗಳಲ್ಲಿ ಅಗೆಯಬೇಕಾದುದರಿಂದ, ಅಲ್ಲಿಗೆ ಬಂದ ವಿದ್ಯಾರ್ಥಿಗಳು ಮಣ್ಣಿನ ಪದರವನ್ನು ಓದುವುದರೊಡನೆ ಮನೆಯ ಯಜಮಾನನ ಒಪ್ಪಿಗೆ ಪಡೆಯುವ ವಿನಯವನ್ನೂ ಕಲಿಯಬೇಕಾಯಿತು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರವು 1998ರಲ್ಲಿ ಆರಂಭಿಸಿದ ಕೇರಳ ವಲಸೆ ಸಮೀಕ್ಷೆಯು ಗಲ್ಫಿಗೆ ಹೋದವರ ಮನೆಗಳನ್ನು ಬಾಗಿಲು ಬಾಗಿಲಿಗೆ ಹೋಗಿ ವಿಚಾರಿಸುವ ಕ್ರಮವನ್ನು ಸ್ಥಾಪಿಸಿತು. ತ್ರಿಪ್ಪುಣಿತ್ತುರದ ಹಿಲ್ ಪ್ಯಾಲೇಸ್ ವಸ್ತುಸಂಗ್ರಹಾಲಯ, 1880ರ ಕಟ್ಟಡದಲ್ಲಿರುವ ತಿರುವನಂತಪುರದ ನೇಪಿಯರ್ ವಸ್ತುಸಂಗ್ರಹಾಲಯ, ತೇವರದ ಜಾನಪದ ವಸ್ತುಸಂಗ್ರಹಾಲಯ ಇವು ವಸ್ತುಗಳ ಮೂಲಕ ಜನರನ್ನು ಅರಿಯಬಯಸುವವರಿಗೆ ತೆರೆದ ಬಾಗಿಲುಗಳು. ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಿಗಂತೂ ಕಣ್ಣೂರು ವಿಶ್ವವಿದ್ಯಾನಿಲಯದ ಮಾನವಶಾಸ್ತ್ರ ವಿಭಾಗವು ತಲಶ್ಶೇರಿಯ ಪಾಲಯಾಡಿನಲ್ಲಿ, ಮನೆಗೆ ಸಮೀಪದಲ್ಲಿಯೇ ಇದೆ.

ಧಾರವಾಡದಲ್ಲಿಯೂ ಮೈಸೂರಿನಲ್ಲಿಯೂ ಈ ಶಾಸ್ತ್ರವನ್ನು ಓದುತ್ತಿರುವ ನಮ್ಮ ತರುಣರು ಒಂದು ಬೇಸಗೆ ರಜೆಯನ್ನಾದರೂ ಆ ಕಡೆ ಕಳೆಯಲಿ. ಹೋಗುವ ಮುನ್ನ ಅನಂತಕೃಷ್ಣ ಅಯ್ಯರ್ ಅವರ ಕೊಚ್ಚಿಯ ಸಂಪುಟಗಳನ್ನೂ ಮೈಸೂರಿನ ಸಂಪುಟಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಲಿ. ನಮ್ಮ ವಿಭಾಗಗಳಲ್ಲಿ ನನ್ನ ಬಿನ್ನಹ ಒಂದೇ: ಜೇನುಕುರುಬರ ಹಾಡಿಗೋ, ಸೋಲಿಗರ ಪೋಡಿಗೋ, ಕೊರಗರ ಕೊಪ್ಪಕ್ಕೋ ಹೋಗಿ ಪ್ರಬಂಧ ಬರೆದ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದರ ಕನ್ನಡದ ಪ್ರತಿಯೊಂದನ್ನು ಆ ಜನರ ಮುಂದೆ ಓದಿ, ಅವರ ಆಕ್ಷೇಪಗಳನ್ನು ತಿದ್ದಿಕೊಂಡು, ಅವರ ಕೈಗೆ ಒಪ್ಪಿಸಿದ ಹೊರತು ಪದವಿಯನ್ನು ಕೊಡತಕ್ಕದ್ದಲ್ಲವೆಂಬ ನಿಯಮವನ್ನು ಈ ವರ್ಷವೇ ಜಾರಿಗೆ ತನ್ನಿರಿ.